ಪಂಡರಿ ಕಾಕಾನ ಸಣ್ಣ ಟೀಮು

ಮೊಣಕಾಲು ಕೆಟ್ಟ ಮೇಲೆ ಪಂಡರಿ ಎಷ್ಟೋ ವರ್ಷ ವಾಲಿಬಾಲ್ ಮೈದಾನದ ಕಡೆ ತಿರುಗಿಯೂ ನೋಡಿರಲಿಲ್ಲ. ಸಂಜೆ ಕುರಿ ಹೊಡೆದುಕೊಂಡು ಬರುವಾಗ ಕೆರೆ ಪಕ್ಕದ ಹಾದಿ ಹಿಡಿದರೆ ಮನೆ ಹತ್ತಿರ. ಆದರೆ ಆ ಹಾದಿಗೆ ಹತ್ತಿಕೊಂಡೇ ಮೈದಾನ. ಅಲ್ಲಿ ಆಟ ನಡೆದಿರುತ್ತಿತ್ತು, ಯಾರಾದರೂ ಕೂಗಿ ಕರೆಯುತ್ತಿದ್ದರು. ಅದಕ್ಕಾಗಿ ಅವನು ಹೆದ್ದಾರಿಯ ಕಡೆಯಿಂದ ಸುತ್ತು ಹಾಕಿ, ಲಾರಿಗಳ ಸದ್ದಿಗೆ ಬೆದರುವ ಕುರಿಗಳನ್ನು ಬೈಯುತ್ತ ತನ್ನೂರು ರಾಜೇಶ್ವರ ಸೇರುತ್ತಿದ್ದ. ಹೆಂಡತಿ ಸಖುಬಾಯಿಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿರಲಿಲ್ಲ.

ಒಂದು ಕಾಲಕ್ಕೆ ಊರಿನ ಜೈಕಿಸಾನ ವಾಲಿಬಾಲ್ ಮಂಡಳದಲ್ಲಿ ಅವನಷ್ಟು ಎತ್ತರ ಜಿಗಿಯುವವರೇ ಇರಲಿಲ್ಲ. ನಿರ್ಣಾ ಊರಿನಲ್ಲಿ ಒಂದು ಪಂದ್ಯ ನಡೆದಾಗ, ನೆಟ್ಟಿನ ಮೇಲಿಂದ ಚೆಂಡು ಬಡಿದು ಇಳಿಯುವಾಗ ಎದುರಿನವನ ಪಾದದ ಮೇಲೆ ಕಾಲಿಟ್ಟ. ಮೊಣಕಾಲು ತಿರುಚಿಕೊಂಡಿತು. ಮುಂದೆ ನಡೆದಾಡಲು ಅಡ್ಡಿಯಾಗಲಿಲ್ಲ, ಹೊಲದ ಕೆಲಸಕ್ಕೂ ಕುರಿ ಕಾಯುವುದಕ್ಕೂ ಅಡ್ಡಿಯಾಗಲಿಲ್ಲ. ಜಿಗಿತವೊಂದು ಹೋಯಿತು. ಅವನ ಜಾಗಕ್ಕೆ ತಮ್ಮ ಧರ್ಮೇಂದ್ರ ಬಂದ; ಆಮೇಲೆ ತಂಡದ ನಾಯಕನೂ ಆದ.

ಒಂದು ವರ್ಷ ಸೋಯಾ ರಾಶಿ ಮುಗಿದ ಮೇಲೆ ಒಂದು ಮುಂಜಾನೆ ಧರ್ಮೇಂದ್ರ ಅಣ್ಣನ ಮನೆಗೆ ಬಂದ. ಬಂದವನು ಚಹಾ ಕುಡಿಯುವವರೆಗೂ ಮಳೆ ಬೆಳೆ ಮಾತಾಡಿ, ಕೊನೆಗೆ ಬಾಯಿ ಬಿಟ್ಟ.

“ಅಣ್ಣಾ, ಹುಮನಾಬಾದದಾಗ ಟೂರ್ನಮೆಂಟ್ ಇಟ್ಟಾರ. ಈ ಸಲ ದೊಡ್ಡವರು ಆಡಬೇಕಂದ್ರ ಆ ಊರಿನ ಸಣ್ಣವರ ಟೀಮೂ ಇರಬೇಕಂತ. ನೀ ಜರಾ ನೋಡ್ಕೋತಿಯೇನು?”

“ನಂಗ ಯಾಕ ಬೇಕೋ ಅದೆಲ್ಲ,” ಎಂದ ಪಂಡರಿ.

“ಹೆಸರಿಗಷ್ಟ ಅಣ್ಣಾ. ಏಳೆಂಟು ಹುಡುಗರನ್ನ ಕರ್ಕೊಂಡು ಹೋಗಿ ನಿಂದ್ರಿಸಿದ್ರ ಸಾಕು. ಆಟ ಬರಬೇಕಂತೇನಿಲ್ಲ.”

ಪಂಡರಿ ತಲೆಯಾಡಿಸಿ ಒಲ್ಲೆ ಎನ್ನುವಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. “ಬರ್ತಾರ ಅಂತ ಹೇಳ್ರಿ ಧರ್ಮಣ್ಣ,” ಎಂದಳು ಸಖುಬಾಯಿ. “ಕುರಿಗೋಳು ಹೈವೇ ಮ್ಯಾಲಿಂದ ಸುತ್ತು ಹಾಕೋದರ ತಪ್ತದ.”

ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅಲ್ಲಿಗೆ ಅದು ತೀರ್ಮಾನವಾದಂತೆಯೇ ಆಯಿತು.

ಮೊದಲ ದಿನ ಶಾಲೆ ಬಿಟ್ಟ ಮೇಲೆ ಮೂರೇ ಮೂರು ಹುಡುಗರು ಬಂದರು. ಅವರಲ್ಲಿ ಒಬ್ಬ ಕ್ರಿಕೆಟ್ ಬ್ಯಾಟು ಹಿಡಿದುಕೊಂಡು ಬಂದಿದ್ದ. ಚೆಂಡು ಎದುರಿಗೆ ಬಂದರೆ ಮೂವರೂ ಕಣ್ಣು ಮುಚ್ಚಿ ಕೈಯಿಂದ ಮುಖ ಮರೆಮಾಡಿಕೊಳ್ಳುತ್ತಿದ್ದರು. ಕೆರೆಯ ಕಟ್ಟೆಯ ಮೇಲೆ ಇಬ್ಬರು ಹುಡುಗಿಯರು ಕುಳಿತು ನಗುತ್ತಿದ್ದರು. ಒಬ್ಬಳು ಪೂನಂ, ಧರ್ಮೇಂದ್ರನ ಮಗಳು. ಇನ್ನೊಬ್ಬಳು ಅವಳ ಗೆಳತಿ ಖುಷ್ನುಮಾ, ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟ ಗೌಸನ ಮಗಳು. ಇಬ್ಬರೂ ಶಾಲೆಯಲ್ಲಿ ಏಳನೆಯ ಇಯತ್ತೆ.

“ದೊಡ್ಡಪ್ಪಾ, ಹುಡುಗ್ಯಾರು ಬಂದ್ರ ನಡೀತದೇನ?” ಎಂದು ಪೂನಂ ಅಲ್ಲಿಂದಲೇ ಕೂಗಿದಳು.

“ನಡೆಯೋದೇನು, ಓಡ್ತದ! ಬರ್ರಿ,” ಎಂದ ಪಂಡರಿ.

ಹುಡುಗಿಯರು ಬಂದಿದ್ದೇ ಹುಡುಗರ ಸಂಖ್ಯೆಯೂ ಹೆಚ್ಚಿತು. ವಾರದೊಳಗೆ ಮೈದಾನದಲ್ಲಿ ಗದ್ದಲವೋ ಗದ್ದಲ. ಪಂಡರಿ ಕುರಿಗಳನ್ನು ಕೆರೆಯಂಗಳದಲ್ಲಿ ಮೇಯಲು ಬಿಟ್ಟು, ಒಂದು ಕಣ್ಣು ಅವುಗಳ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟುಕೊಂಡು ನಿಲ್ಲುತ್ತಿದ್ದ. ಚೆಂಡಿನ ಹೆದರಿಕೆ ಬಿಡಿಸುವುದು ಮೊದಲ ಕೆಲಸವಾಯಿತು. ಸಖುಬಾಯಿ ಹಳೆಯ ಸೀರೆಯ ಚಿಂದಿ ಸುತ್ತಿ ದೊಡ್ಡದೊಂದು ಮೆತ್ತನೆಯ ಚೆಂಡು ಹೊಲಿದುಕೊಟ್ಟಳು. ಅದು ಮೂಗಿಗೆ ಬಡಿದರೂ ನೋವಿಲ್ಲ. ಅದನ್ನು ಬಡಿಸಿಕೊಂಡು ಬಡಿಸಿಕೊಂಡು ಮಕ್ಕಳು ಕಣ್ಣು ತೆರೆದು ಆಡಲು ಕಲಿತರು. ಆಮೇಲೆ ನಿಜವಾದ ಚೆಂಡು ಕೈಗೆ ಬಂತು.

ಒಂದು ಸಂಜೆ ಖುಷ್ನುಮಾಳ ಅಪ್ಪ ಗೌಸ ಅಂಗಡಿಯ ಎಣ್ಣೆ ಕೈಯಲ್ಲೇ ಮೈದಾನಕ್ಕೆ ಬಂದ. ಮಗಳನ್ನು ಕರೆದುಕೊಂಡು ಹೋಗಲಿಕ್ಕೇ ಬಂದನೇನೋ ಎಂದುಕೊಂಡ ಪಂಡರಿ. ಗೌಸ ಚೆಂಡು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಇದೇನ್ ಪಂಡರಿ ಭಾಯ್, ಬದನೇಕಾಯಿ ಸುಟ್ಟಂಗ ಮೆತ್ತಗಾಗ್ಯದ. ಹಿಂಗಿದ್ರ ಮಕ್ಕಳು ಹ್ಯಾಂಗ ಆಡಬೇಕು?” ಎಂದವನೇ ಚೀಲದಿಂದ ಪಂಪು, ಸೂಜಿ ತೆಗೆದು ಗಾಳಿ ತುಂಬಿದ. “ಫಿಕರ್ ಮಾಡಬ್ಯಾಡ್ರಿ. ಇನ್ನ ಮ್ಯಾಲ ಗಾಳಿ ನಂದು.”

ಅಂದಿನಿಂದ ಮೈದಾನದ ಚೆಂಡುಗಳು ಎಂದೂ ಸೊರಗಲಿಲ್ಲ.

ಮಕ್ಕಳ ಆಟ ಸೊರಗಿದ್ದು ಒಂದೇ ವಿಷಯಕ್ಕೆ. ಮೈದಾನದಲ್ಲಿ ಇದ್ದದ್ದು ಒಂದೇ ನೆಟ್ಟು, ಅದೂ ದೊಡ್ಡವರ ಎತ್ತರಕ್ಕೆ ತಂತಿ ಹಾಕಿ ಬಿಗಿದದ್ದು. ಮಕ್ಕಳು ಕೈ ಎತ್ತಿ ಜಿಗಿದರೂ ಅದರ ಮೇಲಂಚು ಸಿಗುತ್ತಿರಲಿಲ್ಲ. ಪಂಡರಿ ತಮ್ಮನನ್ನು ಕೇಳಿದ. “ದಿನಾ ಸಣ್ಣವರು ಆಡೋ ತನಕ ಜರಾ ಇಳಿಸೋಣೇನು? ನೀವು ಬರೋದ್ರಾಗ ಮತ್ತ ಏರಿಸಿಡ್ತೀನಿ.”

“ಒಮ್ಮೆ ಇಳಿಸಿದ್ರ ಮತ್ತ ಬಿಗಿಯೋದು ಭಾಳ ತಕಲೀಫ ಅಣ್ಣಾ, ನಡುವ ಜೋತು ಬೀಳ್ತದ,” ಎಂದ ಧರ್ಮೇಂದ್ರ. “ಅವರೇನು, ಹ್ಯಾಂಗೂ ಹೆಸರಿಗೆ ಆಡೋರು.”

ಪಂಡರಿಗೆ ಮನಸ್ಸು ಚುರುಕ್ಕೆಂದಿತು. ಜಗಳ ಮಾಡುವ ಸ್ವಭಾವ ಅವನದಲ್ಲ. ಆ ರಾತ್ರಿ ಊಟ ಮಾಡುವಾಗ ಸಖುಬಾಯಿಗೆ ಅದನ್ನು ಹೇಳಿದ. ಮರುದಿನ ಮಕ್ಕಳನ್ನು ನೆಟ್ಟಿನ ಕೆಳಗೆ ನಿಲ್ಲಿಸಿ, “ನೋಡ್ರಿಪಾ, ಇದರ ಮ್ಯಾಲಿಂದ ನಮಗ ಬಡಿಯಾಕ ಆಗಂಗಿಲ್ಲ. ಬಡಿಯೋದು ಬಿಡ್ರಿ. ಎತ್ರಿ. ಚೆಂಡು ನೆಲಕ್ಕ ಬೀಳಬಾರದು, ಅಷ್ಟ ನಮ್ಮ ಆಟ,” ಎಂದ.

ಹಾಗೆ ಆಟ ಬೇರೆಯದೇ ಆಯಿತು. ಎರಡೂ ಮುಂಗೈ ಜೋಡಿಸಿ ಚೆಂಡನ್ನು ಆಕಾಶಕ್ಕೆ ಎತ್ತುವುದು, ಓಡಿ ಹೋಗಿ ಅದರ ಕೆಳಗೆ ನಿಲ್ಲುವುದು, ಮತ್ತೆ ಎತ್ತುವುದು. ಖುಷ್ನುಮಾ ಮೈದಾನದ ಕೆಂಪು ಗರಸು ಮಣ್ಣಿನ ಮೇಲೆ ಮೊಣಕಾಲೂರಿ ಜಾರಿ, ಬೀಳುವ ಚೆಂಡನ್ನೂ ಎತ್ತಲು ಕಲಿತಳು. ಸಂಜೆ ದೊಡ್ಡವರು ಬಂದು ಕಾಯುತ್ತ ನಿಂತರೂ ಚೆಂಡು ಕೆಳಗೇ ಬೀಳುತ್ತಿರಲಿಲ್ಲ. “ಮುಗೀತೇನೋ ನಿಮ್ಮ ಆಟ?” ಎಂದು ಅವರು ಕೂಗಿದರೆ, “ಬೀಳಲಿ, ಮುಗಸ್ತೀವಿ,” ಎಂದು ಪೂನಂ ಅಪ್ಪನಿಗೇ ಉತ್ತರ ಕೊಡುತ್ತಿದ್ದಳು.

ಟೂರ್ನಮೆಂಟಿನ ದಿನ ಎರಡು ಟಂಟಂ ಆಟೋಗಳಲ್ಲಿ ಮಕ್ಕಳನ್ನು ತುಂಬಿಕೊಂಡು ಪಂಡರಿ ಹುಮನಾಬಾದಕ್ಕೆ ಹೊರಟ. ಸಖುಬಾಯಿ ಒಂದು ಗಂಟು ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಕಟ್ಟಿಕೊಟ್ಟಿದ್ದಳು. ದೊಡ್ಡವರು ಮೋಟರ್ ಸೈಕಲ್ಲುಗಳ ಮೇಲೆ ಹಿಂದಿನಿಂದ ಬಂದರು.

ಮೊದಲ ಪಂದ್ಯ ಹುಮನಾಬಾದದ ಮಕ್ಕಳ ಮೇಲೆಯೇ. ಅವರಿಗೆಲ್ಲ ಒಂದೇ ಬಣ್ಣದ ಅಂಗಿ, ಕಾಲಲ್ಲಿ ಬೂಟು, ಕಲಿಸಲು ಅಶೋಕಕುಮಾರ ಎಂಬ ಮಾಸ್ತರರು. ರಾಜೇಶ್ವರದ ಮಕ್ಕಳು ಬಗೆಬಗೆಯ ಬಣ್ಣದ ಅಂಗಿಯವರು, ಬರಿಗಾಲಿನವರು. ಆದರೆ ಅವರ ಕಣ್ಣು ಅಂಗಿ ಬೂಟುಗಳ ಮೇಲಿರಲಿಲ್ಲ, ನೆಟ್ಟಿನ ಮೇಲಿತ್ತು.

“ದೊಡ್ಡಪ್ಪಾ! ನೆಟ್ಟು ಗಿಡ್ಡ ಅದ!” ಎಂದು ಪೂನಂ ಜಿಗಿದು, ಕೈಯನ್ನು ಮೊಣಕೈವರೆಗೆ ಆಚೆ ಹಾಕಿ ತೋರಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಜಿಗಿದು ನೋಡಿ ಕೇಕೆ ಹಾಕಿದರು. ಸಣ್ಣವರ ಪಂದ್ಯಕ್ಕೆ ಸಣ್ಣವರ ಎತ್ತರಕ್ಕೇ ಕಟ್ಟಿದ್ದರು. ಇದು ಪಂಡರಿಯ ಲಕ್ಷ್ಯದಲ್ಲೇ ಇರಲಿಲ್ಲ. ಅವನಿಗೂ ಮೊದಲು ಖುಷಿಯೇ ಆಯಿತು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಗಿಡ್ಡ ನೆಟ್ಟು ಕಂಡ ಮಕ್ಕಳು ಹುಚ್ಚಾದರು. ಚೆಂಡು ಬಂದರೆ ಸಾಕು, ಎಲ್ಲರೂ ಬಡಿಯುವವರೇ. ಹಿಂದೆಂದೂ ಬಡಿದು ಗೊತ್ತಿಲ್ಲದ ಕೈಗಳು. ಒಂದು ಚೆಂಡು ಗೆರೆ ದಾಟಿ ಹೋಯಿತು, ಇನ್ನೊಂದು ನೆಟ್ಟಿಗೆ ಬಿತ್ತು, ಮತ್ತೊಂದು ಚಹಾ ಗಾಡಿಯವನ ಗ್ಲಾಸುಗಳ ನಡುವೆ ಹೋಗಿ ಕೂತಿತು. ಸುತ್ತ ನಿಂತವರು ನಕ್ಕರು. ಮೊದಲ ಸೆಟ್ಟು ನೋಡನೋಡುತ್ತಿದ್ದಂತೆ ಹೋಯಿತು. ಗೆರೆಯ ಆಚೆ ಕೈಕಟ್ಟಿ ನಿಂತಿದ್ದ ಧರ್ಮೇಂದ್ರ ತಲೆ ತಗ್ಗಿಸಿದ.

ಮಕ್ಕಳು ಬೆವರಿಳಿಸುತ್ತ ಪಂಡರಿಯ ಸುತ್ತ ಬಂದು ಕುಳಿತರು. ಪೂನಂಳ ಕಣ್ಣಲ್ಲಿ ನೀರು ನಿಂತಿತ್ತು. ಬೈಗುಳ ಬೀಳುತ್ತದೆಂದು ಎಲ್ಲರೂ ನೆಲ ನೋಡುತ್ತಿದ್ದರು. ಪಂಡರಿ ರೊಟ್ಟಿಯ ಗಂಟಿನಿಂದ ಬೆಲ್ಲದ ಚೂರು ತೆಗೆದು ಒಬ್ಬೊಬ್ಬರ ಕೈಗೆ ಇಟ್ಟ.

“ಮಸ್ತ್ ಬಡದ್ರಿ,” ಎಂದ. “ಚಹಾದವನು ಇನ್ನೂ ಗ್ಲಾಸ್ ಎಣಸಾಕತ್ಯಾನ.”

ಖುಷ್ನುಮಾಳಿಗೆ ನಗು ತಡೆಯಲಿಲ್ಲ. ಅವಳ ಹಿಂದೆ ಎಲ್ಲರೂ ನಕ್ಕರು.

“ಈಗ ಕೇಳ್ರಿ. ಆ ನೆಟ್ಟು ಗಿಡ್ಡ ಅದ ಅನ್ನೋದು ಮರೀರಿ. ನಮ್ಮೂರಿನ ನೆಟ್ಟೇ ಅಂತ ತಿಳೀರಿ. ಬಡಿಯೋದು ಅವರು ಬಡೀಲಿ. ನೀವು ದಿನಾ ಏನ್ ಮಾಡ್ತೀರಿ?”

“ಎತ್ತತೀವ್ರಿ,” ಎಂದ ಒಬ್ಬ.

“ಅಷ್ಟ ಮಾಡ್ರಿ. ಕೆಳಗ ಬೀಳ್ಸಬ್ಯಾಡ್ರಿ.”

ಎರಡನೆಯ ಸೆಟ್ಟು ಶುರುವಾಯಿತು. ಹುಮನಾಬಾದದವರು ಜಿಗಿದು ಬಡಿದರು; ಖುಷ್ನುಮಾ ಎತ್ತಿದಳು. ಮತ್ತೆ ಬಡಿದರು, ಇನ್ನೊಬ್ಬ ಎತ್ತಿದ. ಚೆಂಡು ತೆಂಗಿನ ಮರದೆತ್ತರ ಏರಿ ಅವರ ಅಂಗಳದ ಕೊನೆಗೆ ಬೀಳುತ್ತಿತ್ತು. ಅದರ ಕೆಳಗೆ ನಿಂತು ಕಾಯುವುದೇ ಅವರಿಗೆ ಬೇಸರ. ಅವಸರ ಮಾಡಿ ಬಡಿಯುವರು, ತಪ್ಪುವರು. ಮೊದಲು ನಕ್ಕ ಜನ ಈಗ ಚೆಂಡು ಮೇಲೇರಿದಾಗಲೆಲ್ಲ ‘ಓ’ ಎಂದು ಕೂಗತೊಡಗಿದರು. ಎರಡನೆಯ ಸೆಟ್ಟು ರಾಜೇಶ್ವರಕ್ಕೆ ಬಂತು.

ಮೂರನೆಯದು ಸಮಸಮವಾಗಿ ಕೊನೆಯವರೆಗೂ ಎಳೆಯಿತು. ಕೊನೆಯ ಚೆಂಡಿಗಂತೂ ಎರಡೂ ಕಡೆಯವರು ಸೋಲಲೊಲ್ಲರು. ಆಕಡೆ ಈಕಡೆ, ಆಕಡೆ ಈಕಡೆ. ಕಡೆಗೆ ಪೂನಂ ಬೆನ್ನು ತಿರುಗಿಸಿ ಓಡಿಹೋಗಿ, ತಲೆಯ ಮೇಲಿಂದ ಹಿಂದಕ್ಕೆ ಎತ್ತಿದ ಚೆಂಡು ನೆಟ್ಟಿನ ದಾರ ಸವರಿ, ಆಚೆ ಬದಿಯಲ್ಲಿ ಮೆತ್ತಗೆ ಬಿತ್ತು. ಗೆದ್ದ ಮಕ್ಕಳ ಕೂಗಿನ ನಡುವೆ ಪಂಡರಿಗೆ ಮೊಣಕಾಲು ಚಳುಕ್ಕೆಂದಿತು. ಆಗಲೇ ಅವನಿಗೆ ತಿಳಿದದ್ದು, ತಾನು ಜಿಗಿದಿದ್ದೆನೆಂದು. ಹೆಚ್ಚೇನಲ್ಲ, ಒಂದು ಗೇಣು. ಕಾಲು ತಿಕ್ಕಿಕೊಳ್ಳುತ್ತ ಒಬ್ಬನೇ ನಗುತ್ತ ನಿಂತ.

ಅಶೋಕಕುಮಾರ ಮಾಸ್ತರರು ಬಂದು ಕೈ ಹಿಡಿದರು. “ನಮ್ಮ ಮಕ್ಕಳಿಗೆ ಬಡಿಯೋದಷ್ಟ ಕಲಿಸೀನಿ ನೋಡ್ರಿ. ಒಂದಿನ ನಿಮ್ಮೂರಿಗೆ ಕರ್ಕೊಂಡು ಬರ್ತೀನಿ, ಆಡಸೋಣ.”

“ಬರ್ರಿ ಸರ್, ಊಟಕ್ಕ ನಮ್ಮ ಮನಿಗೇ ಬರ್ರಿ,” ಎಂದ ಪಂಡರಿ.

ಮುಂದಿನ ಪಂದ್ಯದಲ್ಲಿ ಕೊಡಂಬಲ ಊರಿನ ಮಕ್ಕಳು ಅವರನ್ನು ಸರಿಯಾಗಿಯೇ ಸೋಲಿಸಿದರು. ಅವರಿಗೆ ಎತ್ತಲೂ ಬರುತ್ತಿತ್ತು, ಬಡಿಯಲೂ ಬರುತ್ತಿತ್ತು. ಅದಕ್ಕೆ ಯಾರೂ ಅಳಲಿಲ್ಲ. ಹಸಿವಾಗಿತ್ತು, ರೊಟ್ಟಿ ಬಿಚ್ಚಿ ಕುಳಿತರು. ಮಧ್ಯಾಹ್ನ ಜೈಕಿಸಾನದ ದೊಡ್ಡವರು ಮೊದಲ ಪಂದ್ಯದಲ್ಲೇ ಸೋತು ಬಂದರು. ಆ ದಿನ ರಾಜೇಶ್ವರಕ್ಕೆ ಸಿಕ್ಕ ಗೆಲುವು ಸಣ್ಣವರದೊಂದೇ.

ಧರ್ಮೇಂದ್ರ ಬಂದು ಮಗಳ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದ. ಪೂನಂ ಅವನ ಕಡೆ ನೋಡದೆಯೇ ಕೇಳಿದಳು, “ಅಪ್ಪಾ, ನಮ್ಮೂರಾಗ ನೀ ನೆಟ್ಟು ಇಳಿಸಿಕೊಟ್ಟಿದ್ರ ನಾವು ಬಡಿಯೋದೂ ಕಲೀತಿದ್ವಿ. ಯಾಕ ಇಳಸಲಿಲ್ಲ?”

ಧರ್ಮೇಂದ್ರ ಮುರಿದ ರೊಟ್ಟಿಯನ್ನು ಕೆಳಗಿಟ್ಟ. ಅಣ್ಣನ ಮುಖ ನೋಡಿದ. ಪಂಡರಿ ಹಿಂಡಿಯ ಪುಡಿಕೆ ಅವನ ಕಡೆ ಸರಿಸಿ, “ಉಣ್ಣು ಮೊದಲ,” ಎಂದನಷ್ಟೇ.

ನಾಲ್ಕು ದಿನ ಬಿಟ್ಟು ಪಂಡರಿ ಕುರಿ ಹೊಡೆದುಕೊಂಡು ಮೈದಾನಕ್ಕೆ ಬಂದಾಗ, ಅಂಚಿನಲ್ಲಿದ್ದ ಬೇವಿನ ಮರದ ಆಚೆ ಧರ್ಮೇಂದ್ರ ಹಾರೆ ಹಿಡಿದು ಗರಸು ನೆಲ ಅಗೆಯುತ್ತಿದ್ದ. ಪಕ್ಕದಲ್ಲಿ ಎರಡು ಹೊಸ ಕಂಬ ಬಿದ್ದಿದ್ದವು. ಮಂಡಳದ ಉಳಿದವರು ಕಲ್ಲು ಆರಿಸಿ ಆಚೆ ಹಾಕುತ್ತಿದ್ದರು.

“ಇದು ಸಣ್ಣವರದು ಅಣ್ಣಾ. ನಮ್ಮ ಗೊಡವಿ ಇಲ್ಲ, ಕತ್ತಲಾಗೋ ತನಕ ಆಡ್ರಿ,” ಎಂದ ಧರ್ಮೇಂದ್ರ ಬೆವರು ಒರೆಸಿಕೊಳ್ಳುತ್ತ. ಹಾರೆ ಕೆಳಗಿಟ್ಟು, “ಹೆಸರಿಗೆ ಅಂದದ್ದು ತಪ್ಪಾತು,” ಎಂದ.

“ಹೋಗ್ಲಿ ಬಿಡೋ. ಈ ಕಡಿ ಕಂಬ ಜರಾ ವಾಲ್ಯದ ನೋಡು,” ಎಂದು ಪಂಡರಿ ತಾನೂ ಕೈ ಹಚ್ಚಿದ.

ಈಗ ಅವನ ಸಣ್ಣ ಟೀಮು ಎರಡಾಗಿದೆ. ಬಡಿಯುವುದನ್ನು ಧರ್ಮೇಂದ್ರ ವಾರಕ್ಕೊಮ್ಮೆ ಬಂದು ಕಲಿಸುತ್ತಾನೆ. ಮಗಳು ಅವನ ತಪ್ಪು ಹಿಡಿಯುತ್ತಾಳೆ. ಮೊನ್ನೆ ಅಂಗನವಾಡಿಯ ಆಮ್ರಪಾಲಿ ಟೀಚರು ಚಿಳ್ಳೆಪಿಳ್ಳೆಗಳ ಒಂದು ಹಿಂಡನ್ನೇ ಕಟ್ಟಿಕೊಂಡು ಮೈದಾನಕ್ಕೆ ಬಂದರು.

“ಪಂಡರಿ ಅಣ್ಣಾರ, ಇವು ನನ್ನ ಜೀವಾ ತಿನ್ನಾಕತ್ಯಾವ್ರಿ. ನಾವೂ ಬಾಲ್ ಆಡ್ತೀವಿ ಅಂತಾವ.”

“ಟೀಚರ್, ಚೆಂಡು ಇವರ ತಲಿಗಿಂತ ದೊಡ್ಡದದಲ್ರಿ!”

“ಅದು ನೀವ ಹೇಳ್ರಿ ಅವಕ್ಕ. ನಾ ಹೇಳಿ ಸಾಕಾಗ್ಯದ.”

ಪಂಡರಿ ಹೇಳಲು ಬಾಗಿದ. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಚೆಂಡನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಓಡಿಬಿಟ್ಟಿತು. ಉಳಿದವೆಲ್ಲ ಕಿರುಚುತ್ತ ಬೆನ್ನು ಹತ್ತಿದವು. ಅವು ಕೆರೆಯ ಕಡೆ ಹೊರಟದ್ದು ಕಂಡು ಪಂಡರಿ, “ಏಯ್, ಆ ಕಡಿ ಅಲ್ಲ, ಈ ಕಡಿ, ಈ ಕಡಿ!” ಎಂದು ಕೂಗುತ್ತ, ಕುರಿಗಳನ್ನು ಬಿಟ್ಟು ಆ ಮಕ್ಕಳ ಹಿಂದೆ ಓಡಿದ.