ದೇವಾನಂದರು ಹಂಚಿದ ಸ್ವರಗಳು

ಶಹಾಬಾದದ ದೇವಾನಂದರು ಹಗಲೆಲ್ಲ ಕಲ್ಲು ಕೊರೆಯುವ ಯಂತ್ರದ ಮುಂದೆ ದುಡಿದು, ಸಂಜೆ ಬುದ್ಧವಿಹಾರದ ವಂದನೆಗೆ ಕೀಬೋರ್ಡ್ ನುಡಿಸುತ್ತಿದ್ದರು. ಆ ಹಳೆಯ ವಾದ್ಯ ಕೆಡುವ ಮುನ್ನ, ಕಂಪ್ಯೂಟರಿನಲ್ಲಿ ನುಡಿಸಲು ಬರುವಂತೆ ಅದರ ಒಂದೊಂದೇ ಸ್ವರವನ್ನು ಧ್ವನಿಮುದ್ರಿಸಿ, ಕೇಳಿದ ಕಲಾವಿದರಿಗೆಲ್ಲ ದಾನವಾಗಿ ಕಳುಹಿಸಿದರು.

ಅವನ್ನು ಪಡೆದಿದ್ದ ಚಿಂಚೋಳಿಯ ಕಲಾವಿದ ನಯೀಮ ಫೋನು ಮಾಡಿದ. “ದೇವಣ್ಣಾ, ನಾದ ಭಾಳ ಛಲೋ ಅದ. ಆದ್ರ ಮ್ಯಾಲಿನ ಸ್ವರದಾಗ ಸೀಟಿ ಕೇಳ್ತದಲ್ಲ, ಕುಕ್ಕರೂ ತುಂಬೀರೇನ್ರಿ?”

ದೇವಾನಂದರು ಮತ್ತೆ ಮತ್ತೆ ಆಲಿಸಿದರು. ಸೀಟಿ ಇರಲಿಲ್ಲ. ಹೆಡ್‌ಫೋನನ್ನು ಮಗಳು ಲುಂಬಿನಿಗೆ ಕೊಟ್ಟರು.

“ಇಷ್ಟು ಜೋರ್ ಅದಲ್ಲಪ್ಪಾ, ನಿಮಗ ಕೇಳವಲ್ದೇನು?” ಎಂದವಳೇ ಹೆಡ್‌ಫೋನು ತೆಗೆದು ಅವರ ಮುಖ ನೋಡಿದಳು.

ಕಲ್ಲಿನ ಸದ್ದು ತಮ್ಮ ಕಿವಿಯಿಂದ ಏನನ್ನು ಒಯ್ದಿದೆಯೆಂದು ಅವರಿಗೆ ಆಗ ತಿಳಿಯಿತು.

“ನನಗ ಕೇಳದಿದ್ರೂ ದಾನ ಶುದ್ಧ ಇರಬೇಕವ್ವ. ನೀನೇ ಕೇಳಿ ತೆಗಿ, ಮತ್ತ ಎಲ್ಲಾರಿಗೂ ಕಳಸೋಣು,” ಎಂದರು.

ಅಂದಿನ ವಂದನೆಯಲ್ಲಿ ಅವರ ಬಲಗೈ ಮೇಲಿನ ಸ್ವರಗಳತ್ತ ಹೋಗಲಿಲ್ಲ.