ಮಾವನ ಷರತ್ತುಗಳು

ನನ್ನ ಸೋದರಮಾವ ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದು ಚಕ್ರ ಬಿಚ್ಚುವಾಗಲೂ ಒಂದೊಂದು ಫೋಟೊ ಹೊಡೆದು, ಪುಕ್ಕಟೆಯಾಗಿ ಫೋಟೊ ಇಟ್ಟುಕೊಳ್ಳುವ ಒಂದು ವೆಬ್‌ಸೈಟಿಗೆ ಹಾಕುತ್ತಾರೆ. ಆಮೇಲೆ ಕೊನೆಯ ಫೋಟೊದಿಂದ ಹಿಂದಕ್ಕೆ ನೋಡುತ್ತ ಬಂದರೆ ಗಡಿಯಾರ ಮತ್ತೆ ಕೂಡಿಕೊಳ್ಳುತ್ತದೆ.

ಮೊನ್ನೆ ಆ ವೆಬ್‌ಸೈಟಿನವರು, ನಿಮಗೆ ನಮ್ಮಿಂದ ಏನೇನು ಬೇಕು ಎಂದು ಕೇಳಿದರು. ಅಂಗಡಿಯಲ್ಲಿ ಕೂತು ಮಾವ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ.

"ಫೋಟೊ ಮಸುಕು ಮಾಡ್ಬೇಡಿ. ಮಾತೆತ್ತಿದ್ರೆ ಪಾಸ್‌ವರ್ಡ್ ಕೇಳ್ಬೇಡಿ. ನಾನು ಸ್ಕ್ರೂ ಹುಡುಕ್ತಿರುವಾಗ ಅದರ ಮೇಲೇ ಸೋಪಿನ ಜಾಹೀರಾತು ತಂದು ಕೂರಿಸ್ಬೇಡಿ. ಮೂರು ತಿಂಗಳಿಂದ ಯಾರೂ ನೋಡ್ಲಿಲ್ಲ ಅಂತ ಅಳಿಸಿಯಂತೂ ಹಾಕ್ಲೇಬೇಡಿ."

"ಮಾವ, ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸ್ತಿದ್ದೀರಲ್ಲ!" ಎಂದೆ.

"ಚಕ್ರದ ಹಲ್ಲು ಎಣಿಸಿ ಎಣಿಸಿ ಅಭ್ಯಾಸ ಆಗಿದೆ ಕಣೇ. ಪುಕ್ಕಟೆ ಇಟ್ಕೊಳ್ಳೋದು ಅಂದ್ರೆ ಹೇಗೆ ಅಂತ ತೋರಿಸ್ಲಾ?" ಎಂದವರೇ ಮೇಜಿನ ಡ್ರಾಯರ್ ಎಳೆದರು.

ಒಳಗೆ ಒಂಬತ್ತು ಕೈಗಡಿಯಾರಗಳಿದ್ದವು. ರಿಪೇರಿಗೆ ಕೊಟ್ಟವರು ವರ್ಷಗಟ್ಟಲೆಯಿಂದ ಈ ಕಡೆ ತಲೆಹಾಕಿಲ್ಲ. ಮಾವ ಮಾತ್ರ ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅವಕ್ಕೆಲ್ಲ ಕೀ ಕೊಡುತ್ತಾರಂತೆ.

ನನ್ನ ಫೋನಿನಲ್ಲಿ ಹನ್ನೊಂದೂ ಕಾಲು. ಒಂಬತ್ತರಲ್ಲೂ ಹನ್ನೊಂದೂ ಕಾಲು.