ಗುಂಡಿಯ ಮೇಲಿನ ಬೆರಳು

ಲಕ್ಷ್ಮೇಶ್ವರದ ಸಾಹುಕಾರರ ಮಗ ಬಿಸ್ಕತ್ತಿನ ಡಬ್ಬಿಯಲ್ಲಿ ಏಳು ಕ್ಯಾಸೆಟ್ ಹಾಕಿಕೊಂಡು ಬೆಟಗೇರಿಯ ನನ್ನ ಮನೆಗೆ ಬಂದ. ಅವನು ಕುರ್ಚಿಯಲ್ಲಿ ಕೂಡುವ ಮೊದಲೇ ಅವುಗಳಲ್ಲಿ ಯಾರ ದನಿ ಇದೆ ಎಂದು ನನಗೆ ಗೊತ್ತಿತ್ತು. ನನ್ನವ್ವನದು. ಅವನ ಬಾಯಲ್ಲಿ ಮಾತ್ರ ಅದು ಅವನ ತಾಯಿಯದಾಗಿತ್ತು. ಆಕೆ ತೀರಿ ವರ್ಷ ತುಂಬುತ್ತಿತ್ತು. ಪುಣ್ಯತಿಥಿಗೆ ಬಂದವರಿಗೆಲ್ಲ ಆಕೆಯ ಸೋಬಾನೆ ಹಾಡುಗಳ ಸಿ.ಡಿ. ಹಂಚಬೇಕು, ಮೊಬೈಲಿಗೆ ಕಳಿಸಲು ಫೈಲೂ ಬೇಕು ಎಂದ.

"ನೀವೀಗ ಮೇಡಂ ಆಗೀರಿ, ಖರೆ. ಆದ್ರ ನಮ್ಮ ಮನ್ಯಾಗ ಆಡಿ ಬೆಳದಾಕಿ. ಹೊರಗಿನವರಿಗೆ ಯಾಕ ಕೊಡೂದಂತ ಇಲ್ಲಿಗೇ ಬಂದೆ."

ಆಡಿ ಬೆಳೆದದ್ದು ಸುಳ್ಳು. ಅವರ ಹಿತ್ತಿಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿದು ಬೆಳೆದೆ. ಅವ್ವ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗದಗಿನ ಕಾಲೇಜಿಗೆ ನಾನು ಹೆಸರು ಹಚ್ಚಿದ ದಿನ ಸಾಹುಕಾರರು ಪಡಸಾಲೆಯಲ್ಲಿ ಕೂತು, "ಡಿಗ್ರಿ ಮಾಡಿದ್ರ ರೊಟ್ಟಿ ದುಂಡಗ ಆಗತಾವೇನ?" ಎಂದು ಕೇಳಿದ್ದರು. ಕೂತವರೆಲ್ಲ ನಕ್ಕಿದ್ದರು. ಈ ಮಗನೂ ನಕ್ಕಿದ್ದ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಇವತ್ತು ಕಾಲೇಜಿನಲ್ಲಿ ಜಾನಪದ ಕಲಿಸುತ್ತೇನೆ, ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಕಂಪ್ಯೂಟರಿಗೂ ಇಳಿಸುತ್ತೇನೆ. ಆ ನಗುವನ್ನು ಮರೆತಿಲ್ಲ. ಮರೆಯಬೇಕೆಂದು ಪ್ರಯತ್ನಿಸಿಯೂ ಇಲ್ಲ.

ಸಾಹುಕಾರರಿಗೆ ಟೇಪ್ ರೆಕಾರ್ಡರಿನ ಹುಚ್ಚು. ಮದುವೆ, ಬಸುರಿಯರ ಕುಬಸ, ತೊಟ್ಟಿಲು ಏನೇ ಇರಲಿ, ಹೆಂಗಸರನ್ನು ಕೂಡಿಸಿ ಹಾಡಿಸಿ ತುಂಬಿಕೊಳ್ಳುತ್ತಿದ್ದರು. ಹಾಡು ಎತ್ತುವವಳು ಅವ್ವ. ಸಾಹುಕಾರರ ಹೆಂಡತಿ ಹಿಂದಿನಿಂದ ದನಿಗೂಡಿಸುತ್ತಿದ್ದಳು, ಅಷ್ಟೇ. ಅವ್ವನಿಗೆ ಅವಳ ತಾಯಿ ಕಲಿಸಿದ ಒಂದು ರೂಢಿ ಇತ್ತು: ಯಾವ ಹಾಡಿರಲಿ, ಕಡೆಯ ನುಡಿಯಲ್ಲಿ ಹಾಡಿದವಳು ತನ್ನ ತವರೂರು ಹೇಳಬೇಕು. ಆ ನುಡಿ ಬರುವ ಹೊತ್ತಿಗೆ ಸರಿಯಾಗಿ ಸಾಹುಕಾರರು ಗುಂಡಿ ಒತ್ತಿ ಟೇಪು ಬಂದ್ ಮಾಡುತ್ತಿದ್ದರು. ಬೀಗರು ಬಂದಾಗ ಅದನ್ನೇ ಹಾಕಿ, ನಮ್ಮಾಕಿ ಹಾಡು ಕೇಳ್ರಿ ಎಂದು ಹೆಂಡತಿಯನ್ನು ತೋರಿಸುತ್ತಿದ್ದರು. ಅದೇ ಬೀಗರಿಗೆ ಅವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು.

ಕ್ಯಾಸೆಟ್ಟಿನ ಕೆಲಸಕ್ಕೆ ಅಡ್ಡದಾರಿಯಿಲ್ಲ. ಒಂದು ತಾಸಿನ ಹಾಡು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕು, ಕೂತು ಕೇಳಲೇಬೇಕು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಟೇಪಿನ ಹೆಡ್ ಒರೆಸಿ, ಬಿಗಿದ ರೀಲಿಗೆ ಪೆನ್ಸಿಲ್ ತೂರಿಸಿ ಸಡಿಲ ಮಾಡಿ, ಒಂದೊಂದೇ ಹಾಕಿದೆ. ಹಾಡು ಮುಗಿಯುವಾಗ ಅವ್ವ ಉಸಿರೆಳೆದುಕೊಳ್ಳುತ್ತಾಳೆ, ಟಕ್. ಮತ್ತೊಂದು ಹಾಡು, ಮತ್ತೆ ಉಸಿರು, ಟಕ್. ಆರು ಕ್ಯಾಸೆಟ್ಟಿನಲ್ಲಿ ಆ ಬೆರಳು ಒಮ್ಮೆಯೂ ತಪ್ಪಿರಲಿಲ್ಲ. ಹಲ್ಲು ಕಚ್ಚಿ ಕೇಳಿದೆ.

ಏಳನೆಯದು ಸಾಹುಕಾರರ ಮಗಳ ಕುಬಸದ್ದು. ಅದರಲ್ಲಿ ಅವ್ವ ದೇವರನ್ನು ನೆನೆಯುವ ಮೊದಲೇ ಎತ್ತಿದ್ದಳು:

"ಹಕ್ಕಿ ಬಂದಿಳಿಯೂ ಕೆರಿಯ ಮಾಗಡಿ ನನ್ನೂರ,
ಹಾಡಾಕಿ ನಾನು ಆ ಊರ ಮಗಳ."

ಕೊನೆಗೆ ರೂಢಿಯಂತೆ ಟಕ್ ಬಿದ್ದಿತ್ತು. ಕತ್ತರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಹಾಡುವ ದನಿ ಹೋಗಿದೆ, ನಾಲಿಗೆಯ ಮೊನೆ ಹೋಗಿಲ್ಲ. ಅವಳಿಗೆ ಆ ಹಾಡು ಕೇಳಿಸಿದೆ. ಎರಡನೇ ಸಲವೂ ಹಾಕಿಸಿಕೊಂಡಳು.

"ಅಂವಾ ಗುಂಡಿ ಮ್ಯಾಲ ಬಳ್ಳ ಇಟಗೊಂಡ ಕುಂತಿದ್ದ, ನಾನು ಅವನ ಬಳ್ಳ ನೋಡಕೋತ ಕುಂತಿದ್ದೆ," ಅಂದಳು. "ಬಾಲ ಕಾಯಾಂವಗ ತಲಿ ತೋರಿಸಿದೆ."

ಮತ್ತೆ ಮೊದಲಿಂದ ಹಾಡಿಸಲಿಲ್ಲವೇ ಎಂದೆ. ಕುಬಸದ ಹಾಡು ಎತ್ತಿದ ಮೇಲೆ ನಡುವೆ ನಿಲ್ಲಿಸಿದರೆ ಬಸುರಿಗೆ ಒಳಿತಲ್ಲವಂತೆ. ಸಾಹುಕಾರರ ತಾಯಿಯೇ ಮಗನತ್ತ ಕಣ್ಣು ಬಿಟ್ಟಿದ್ದಳಂತೆ. ಆಮೇಲೆ ಅವರು ಅವ್ವನನ್ನು ಹಾಡಲು ಕರೆಯಲಿಲ್ಲ. ಆ ಕ್ಯಾಸೆಟ್ಟನ್ನು ಬೀಗರಿಗೆ ಕೇಳಿಸಲೂ ಇಲ್ಲ.

ಸಿ.ಡಿ. ಮಾಡುವ ಮೊದಲು ಮಗನಿಗೆ ಫೋನ್ ಮಾಡಿ, ಒಮ್ಮೆ ಪೂರ್ತಿ ಕೇಳಿಕೊಳ್ಳಿ ಎಂದೆ. ಎರಡು ಸಲ ಹೇಳಿದೆ. ಪುರುಸೊತ್ತಿಲ್ಲ, ನೀವು ಕೇಳೀರಲ್ಲ, ಸಾಕು ಎಂದ. ಹೊದಿಕೆಯ ಮೇಲೆ ತಾಯಿಯ ಹೆಸರು, ಫೋಟೊ ಹಾಕಲು ಹೇಳಿದ. ಹೇಳಿದಂತೆಯೇ ಹಾಕಿದೆ. ಯಾವ ಹಾಡು ಮೊದಲು ಬರಬೇಕೆಂದು ಮಾತ್ರ ಅವನು ಹೇಳಲಿಲ್ಲ. ಏಳನೆಯ ಕ್ಯಾಸೆಟ್ಟಿನದನ್ನು ಮೊದಲಿಟ್ಟೆ.

ಪುಣ್ಯತಿಥಿಗೆ ಅವ್ವನಿಗೆ ಇಳಕಲ್ ಸೀರೆ ಉಡಿಸಿ ಕರೆದೊಯ್ದೆ. ಹಿಂದೆ ನಮ್ಮನ್ನು ನೋಡಿ ನಕ್ಕ ಅದೇ ಪಡಸಾಲೆಯಲ್ಲಿ, ಮುಂದಿನ ಸಾಲಿನಲ್ಲೇ ಕೂತೆವು. ನಾನು ಗೌರವ ಸಲ್ಲಿಸಲು ಹೋಗಿರಲಿಲ್ಲ, ನೋಡಲು ಹೋಗಿದ್ದೆ. ಸ್ಪೀಕರಿನಿಂದ ಮಾಗಡಿಯ ಹೆಸರು ಹೊರಬಿತ್ತು. ತೀರಿಕೊಂಡವಳ ತವರು ಮುಂಡರಗಿ. ಅಲ್ಲಿಂದ ಬಂದ ಅವಳ ಅಣ್ಣ ತಮ್ಮಂದಿರೇ ಒಂದು ಸಾಲು ತುಂಬ ಕೂತಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಣಿಯ ಮುದುಕಿಯರು ತಿರುಗಿ ಅವ್ವನನ್ನು ನೋಡಿದರು. ಮಗ ಎದ್ದು ಹೋಗಿ ಗುಂಡಿಯ ಮೇಲೆ ಬೆರಳಿಟ್ಟ. ಥೇಟ್ ಅವನಪ್ಪ.

"ನನ್ನ ಕುಬಸದ ಹಾಡು ಅದು," ಎಂದಳು ಅವನ ಅಕ್ಕ, ಕೂತಲ್ಲಿಂದಲೇ. "ನಡುವ ಬಂದ್ ಮಾಡಬ್ಯಾಡ, ತಮ್ಮಾ."

ಅವನು ಬೆರಳು ತೆಗೆದ. ಹಾಡು ಕೊನೆಯವರೆಗೂ ನಡೆಯಿತು. ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಮರುದಿನ ಫೋನ್ ಮಾಡಿದ. ಆ ಎರಡು ಸಾಲು ತೆಗೆದು ಬೇರೆ ಮಾಡಿಕೊಡಬೇಕಂತೆ.

"ಕ್ಯಾಸೆಟ್ ತಿರುಗಿ ಕೊಟ್ಟೀನಿ, ನಿಮ್ಮ ಕಡೇನ ಅದಾವ್ರಿ," ಎಂದೆ. "ಯಾರ ಕಡೆ ಬೇಕಾದ್ರೂ ಒಯ್ರಿ. ಆದ್ರ ಆ ಸಾಲು ತೆಗಿಯಾಕ ಕುಂತಾಂವ ಮೊದಲ ಅದನ್ನ ಕೇಳಬೇಕಾಗತೈತಿ."

ಫೋನ್ ಇಟ್ಟ. ಅವನು ಏನಂದನೆಂದು ಅವ್ವ ಒಳಗಿಂದ ಕೇಳಿದಳು. ಹೇಳಿದೆ. ಅವಳು ಆ ಹಾಡನ್ನು ಮಾಗಡಿಯವರಿಗೂ ಕಳಿಸಲು ಬರುತ್ತದೇನು ಎಂದಳು.

ಆಗಲೇ ಕಳಿಸಿದ್ದೆ.